ಹಿಡಿಕೆಗೋ, ಕರೆಂಟ್ ಕೋಟಿಗೋ

ಪ್ರೀತಿಯ ಹಿಲ್ಡಾಕ್ಕ,

ನಿಮ್ಮ ಮೊದಲ ಪ್ರಶ್ನೆ ಏನು ಅಂತ ಗೊತ್ತಿರುವುದರಿಂದ ಉತ್ತರವನ್ನು ಮೊದಲೇ ಬರೆದುಬಿಡುತ್ತೇನೆ. ನಿಮ್ಮ ಬೈಕು ಸ್ಟಾರ್ಟ್ ಆಗುತ್ತದೆ. ಗುಂಡಿ ಒತ್ತಿದ ತಕ್ಷಣ ಆಗುತ್ತದೆ, ಕೆಮ್ಮುವುದೂ ಇಲ್ಲ. ಮಿಕ್ಕಿದ್ದನ್ನು ನಿಧಾನವಾಗಿ ಓದಿ. ಅಲ್ಲಿ ನಿಮಗೆ ಅವಸರದ ಕೆಲಸ ಏನಿದ್ದೀತು? ಇದ್ದರೂ ಅದನ್ನು ಇನ್ನೊಬ್ಬರ ತಲೆಗೆ ಕಟ್ಟಿ ನೀವು ಎಲ್ಲೋ ಫಿಕಾ ಮಾಡುತ್ತ ಕೂತಿರುತ್ತೀರಿ, ಒಂದು ಲೋಟ ಕಾಫಿ, ಒಂದು ದಾಲ್ಚಿನ್ನಿ ಬನ್ನು. ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ.

ನಾವು ಮೊದಲು ಭೇಟಿಯಾದದ್ದು ನೆನಪಿದೆಯಾ? ಸೋಡರ್‌ಟೆಲ್ಯೆಯ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ, ಎಲ್ಲ ಮನೆಯವರೂ ಸರದಿಯ ಮೇಲೆ ಬಟ್ಟೆ ಒಗೆಯುವ ಕೋಣೆ. ನಾನು ದಾವಣಗೆರೆಯಿಂದ ಸ್ವೀಡನ್ನಿಗೆ ಬಂದು ಇಲ್ಲಿನ ಲಾರಿ ಕಾರ್ಖಾನೆಯ ವೈರಿಂಗ್ ವಿಭಾಗಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ಲಾರಿಯ ಮೈತುಂಬ ತಂತಿ ಹರಿಸುವವಳಿಗೆ ಆ ಒಗೆಯುವ ಯಂತ್ರದ ಬಾಗಿಲು ತೆರೆಯಲು ಬರದೆ, ಅದಕ್ಕೆ ನಮ್ಮೂರ ಬೈಗುಳಗಳನ್ನು ಒಂದೊಂದಾಗಿ ಉಣಿಸುತ್ತಿದ್ದೆ. ಹಿಂದಿನಿಂದ ಯಾರೋ, "ಎಂತ ಮಾರಾಯ್ತಿ, ಬೈದ್ರೆ ಅದು ಕನ್ನಡ ಕಲೀತದಾ?" ಅಂದರು. ತಿರುಗಿ ನೋಡಿದರೆ ಕಂಕುಳಲ್ಲಿ ಹೆಲ್ಮೆಟ್ಟು, ಕೈಯಲ್ಲಿ ಬಟ್ಟೆಯ ಬುಟ್ಟಿ ಹಿಡಿದ ಹೆಂಗಸು. ಮಂಗಳೂರಿನವರು, ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ, ಹೆಸರು ಹಿಲ್ಡಾ. ಆ ಹೆಸರು ಕೇಳಿ ಇಲ್ಲಿನ ಮುದುಕರು ತಮ್ಮ ಅಜ್ಜಿಯ ಹೆಸರೆಂದು ಖುಷಿಪಡುತ್ತಿದ್ದರು, ಆಮೇಲೆ ನಿಮ್ಮ ಮುಖ ನೋಡಿ ತಬ್ಬಿಬ್ಬಾಗುತ್ತಿದ್ದರು. ನೀವು ಆ ಬಾಗಿಲಿಗೆ ಮೊಣಕಾಲಲ್ಲಿ ಒಂದು ಕೊಟ್ಟಿರಿ, ಅದು ತೆರೆದುಕೊಂಡಿತು.

ಬೈಕನ್ನು ತೋರಿಸಲು ನೀವು ನನ್ನನ್ನು ಗ್ಯಾರೇಜಿಗೆ ಕರೆದೊಯ್ದ ಭಾನುವಾರ, ಚರ್ಚಿಗೆ ಉಟ್ಟ ಸೀರೆಯಲ್ಲೇ ಇದ್ದಿರಿ. ಹಳೆಯ ಜಪಾನೀ ಬೈಕು, ಯಾರೋ ಒಬ್ಬ ಮುದುಕ ಮೊಣಕಾಲು ನೋವೆಂದು ಮಾರಿದ್ದು. ನಲವತ್ತು ದಾಟಿದ ಮೇಲೆ ಲೈಸೆನ್ಸ್ ತೆಗೆದುಕೊಂಡವರು ನೀವು. ಊರಲ್ಲಿ ಸ್ಕೂಟರಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತು ಕೂತು ಸೊಂಟ ಹೋಯಿತು, ಇನ್ನು ಮುಂದಿನ ಸೀಟೇ ಸೈ ಅಂತ ನಿಶ್ಚಯ ಮಾಡಿದ್ದಿರಂತೆ. ನಿಮ್ಮ ಯಜಮಾನರು, ನಮ್ಮ ಫೆಲಿಕ್ಸ್ ಭಾವ, ಒಂದು ದಿನವೂ ನಿಮ್ಮ ಹಿಂದೆ ಹತ್ತಲಿಲ್ಲ. "ಹೆಂಡತಿಯ ಹಿಂದೆ ಗಂಡ ಕೂತ್ಕೊಂಡು ಹೋಗುದಾ? ನಾಲ್ಕು ಜನ ಎಂತ ಹೇಳ್ತಾರೆ?" ಅನ್ನುತ್ತಿದ್ದರು. "ಈ ಊರಲ್ಲಿ ಆ ನಾಲ್ಕು ಜನ ಯಾರು ಅಂತ ಹೇಳಿ, ನಾನೇ ಹೋಗಿ ಮಾತಾಡ್ತೇನೆ" ಅಂತ ನೀವು. ಅವರು ಹೆಸರು ಹೇಳಲಿಲ್ಲ. ಹಾಗಾಗಿ ಹಿಂದಿನ ಸೀಟು ನನ್ನದಾಯಿತು.

ಆ ವರ್ಷದ ಏಪ್ರಿಲ್ಲಿನಲ್ಲಿ ನಾವು ಮೊದಲ ಸಲ ಹೊರಟೆವು. ಹಿಮ ಕರಗಿತ್ತು, ಚಳಿಗಾಲದಲ್ಲಿ ರಸ್ತೆಗೆ ಚೆಲ್ಲಿದ್ದ ಜಲ್ಲಿಪುಡಿಯನ್ನು ಇಲ್ಲಿನ ಪುರಸಭೆಯವರು ಗುಡಿಸಿಯಾಗಿತ್ತು, ಬಿಸಿಲು ನೋಡಿ ಮೋಸಹೋದೆವು. ವಾಪಸ್ ಬಂದಾಗ ನಿಮ್ಮ ಬೆರಳುಗಳು ಕೀ ತಿರುಗಿಸುವ ಸ್ಥಿತಿಯಲ್ಲೂ ಇರಲಿಲ್ಲ. ಮುಂದಿನ ವಾರವೇ ಅಂಚೆಯಲ್ಲಿ ಒಂದು ಪೊಟ್ಟಣ ತರಿಸಿದಿರಿ. ಒಳಗೆ ಹ್ಯಾಂಡಲಿಗೆ ತೊಡಿಸುವ, ಕರೆಂಟಿನಿಂದ ಬಿಸಿಯಾಗುವ ಎರಡು ಹಿಡಿಕೆಗಳು, ಜೊತೆಗೆ ತೋಳಿಲ್ಲದ ಒಂದು ತೆಳು ಕೋಟು, ಅದರ ಒಳಪದರದಲ್ಲಿ ಸುತ್ತಿ ಸುತ್ತಿ ಹೊಲಿದ ತಂತಿ. ಬೈಕಿನ ಬ್ಯಾಟರಿಗೆ ಸಿಕ್ಕಿಸಿ ಜಾಕೆಟಿನ ಒಳಗೆ ತೊಟ್ಟುಕೊಂಡರೆ ಮೈ ಬೆಚ್ಚಗೆ. ನಾವು ಅದಕ್ಕೆ ಕರೆಂಟ್ ಕೋಟು ಅಂತ ಹೆಸರಿಟ್ಟೆವು.

"ಎರಡನ್ನೂ ಒಟ್ಟಿಗೆ ಹಾಕು" ಅಂದಿರಿ.

"ಆಗಲ್ಲ ಅಕ್ಕ."

"ನೀನು ಇಂಜಿನಿಯರ್ ಅಲ್ವಾ?"

"ಇಂಜಿನಿಯರ್ ಆಗಿರೋದಕ್ಕೇ ಆಗಲ್ಲ ಅಂತಿರೋದು. ಕರೆಂಟ್ ಅಂದ್ರೆ ಅನ್ನ ಅಂತ ತಿಳ್ಕೊಳ್ಳಿ. ಇಂಜಿನ್ ಓಡುವಾಗ ಬೇಯೋದು ಇಷ್ಟೇ ಅನ್ನ. ಈ ದೇಶದಲ್ಲಿ ಹಾಡಹಗಲೂ ಹೆಡ್‌ಲೈಟ್ ಉರಿಸ್ಬೇಕು, ಅದಕ್ಕೆ ದೊಡ್ಡ ಪಾಲು. ಇಂಜಿನ್ನಿನ ಕಿಡಿಗೆ ಒಂದು ಪಾಲು. ಉಳಿಯೋದು ಒಬ್ರ ಊಟ. ಹಿಡಿಕೆಗೆ ಬಡಿಸಿದ್ರೆ ಕೋಟಿಗಿಲ್ಲ, ಕೋಟಿಗೆ ಬಡಿಸಿದ್ರೆ ಹಿಡಿಕೆಗಿಲ್ಲ. ಇಬ್ರಿಗೂ ಬಡಿಸಿದ್ರೆ ಬ್ಯಾಟರಿ ಉಪವಾಸ ಬೀಳುತ್ತೆ."

"ನಿನ್ನ ಬೈಕು ರೇಷನ್ ಅಂಗಡಿಯ ಹಾಗೆ ಉಂಟಲ್ಲ."

"ಬೈಕು ನಿಮ್ಮದು. ಲೆಕ್ಕ ಮಾತ್ರ ನಂದು."

ಫ್ಯೂಸ್ ಹಾಕುವಾಗ ಟಾರ್ಚ್ ಹಿಡಿದು ನಿಂತವರು ನೀವೇ. ಬ್ಯಾಟರಿಯಿಂದ ಹಿಡಿಕೆಗೆ, ಕೋಟಿಗೆ ಅಂತ ನಾನು ಒಂದು ಹೊಸ ತಂತಿ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಏಳೂವರೆ ಆಂಪಿಯರಿನ ಫ್ಯೂಸ್ ಕೂರಿಸಿದೆ. ಉಗುರಿನಷ್ಟು ಅಗಲದ ಪ್ಲಾಸ್ಟಿಕ್ ಚೂರು, ಒಳಗೆ ಕೂದಲಿನಂಥ ಒಂದು ಎಳೆ. "ಇಷ್ಟು ಚಿಕ್ಕದಾ? ದೊಡ್ಡದು ಹಾಕು, ಪದೇ ಪದೇ ಹೋಗುದು ಬೇಡ" ಅಂದಿರಿ. ಫ್ಯೂಸ್ ಇರುವುದೇ ಹೋಗುವುದಕ್ಕೆ ಅಂತ ನಾನು ಹೇಳಿದಾಗ ನೀವು ನಕ್ಕಿದ್ದು ನೆನಪಿದೆ. ಆದರೆ ನಿಜ ಅಕ್ಕ. ಅದು ಕಾಯುವುದು ಕೋಟನ್ನಲ್ಲ, ತಂತಿಯನ್ನು. ತಂತಿಗೆ ಇಷ್ಟು ಕರೆಂಟ್ ತಾಳುವ ಶಕ್ತಿ ಅಂತ ಇರುತ್ತದೆ. ಅದಕ್ಕಿಂತ ಹೆಚ್ಚು ಹರಿಯುವ ಮೊದಲೇ ಫ್ಯೂಸ್ ತಾನು ಸುಟ್ಟು ದಾರಿ ಮುಚ್ಚಬೇಕು. ದೊಡ್ಡ ಫ್ಯೂಸ್ ಹಾಕಿದರೆ ಫ್ಯೂಸ್ ಉಳಿಯುತ್ತದೆ, ತಂತಿ ಸುಡುತ್ತದೆ, ತಂತಿಯ ಮೇಲೆ ಪೆಟ್ರೋಲ್ ಟ್ಯಾಂಕು ಕೂತಿರುತ್ತದೆ. ನಾನು ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಟಾರ್ಚಿನ ಬೆಳಕು ಎಲ್ಲೋ ಗೋಡೆಯ ಮೇಲಿತ್ತು.

ಸರೋವರದ ದಡದ ಆ ಕೆಫೆಗೆ ಹೋದ ದಿನವನ್ನಂತೂ ನಾನು ಮರೆಯುವುದಿಲ್ಲ. ಹೊರಡುವಾಗ ಕರೆಂಟ್ ಕೋಟನ್ನು ನನಗೆ ತೊಡಿಸಿ, "ನನಗೆ ಹಿಡಿಕೆ ಉಂಟಲ್ಲ, ಆನ್ ಮಾಡ್ತೇನೆ" ಅಂದಿರಿ. ಒಂದು ಸಲಕ್ಕೆ ಒಂದೇ ಅಂತ ನಾನೇ ವಿಧಿಸಿದ ನಿಯಮ ಅವತ್ತು ನನ್ನ ತಲೆಗೇ ಬರಲಿಲ್ಲ, ಬೆನ್ನು ಅಷ್ಟು ಬೆಚ್ಚಗಿತ್ತು. ಕೆಫೆಯಲ್ಲಿ ನೀವು ಕಾಫಿಯ ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಎತ್ತಿದಿರಿ, ಬೆರಳು ಮಡಚುತ್ತಲೇ ಇರಲಿಲ್ಲ. "ಹಿಡಿಕೆ ಆನ್ ಮಾಡ್ತೇನೆ ಅಂದಿದ್ರಲ್ಲ?" ಅಂತ ಕೇಳಿದೆ. "ಮಾಡಿದ್ದೆ" ಅಂದಿರಿ, "ಮನಸ್ಸಿನಲ್ಲಿ." ನಾನು ರೇಗಿದೆ. ನೀವು ಬನ್ನು ಮುರಿದು ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿ, "ಹಿಂದೆ ಕೂತವಳು ನಡುಗಿದ್ರೆ ಬೈಕೇ ನಡುಗ್ತದೆ ಮಾರಾಯ್ತಿ, ಅದು ನಿನ್ನ ಲೆಕ್ಕದಲ್ಲಿ ಬರುದಿಲ್ಲ" ಅಂದಿರಿ.

ಆಸ್ಪತ್ರೆಯ ಕಿಟಕಿಯಾಚೆ ಬರ್ಚ್ ಮರಗಳೆಲ್ಲ ಹಳದಿಯಾಗಿದ್ದ ದಿನ ನಾನು ಬಂದಾಗ, ನಿಮಗೆ ಮಾತು ಕಷ್ಟವಾಗಿತ್ತು. "ಆ ಬೈಕು... ಜೆನಿಗೆ..." ಅಂದಿರಿ. ಅಷ್ಟರಲ್ಲಿ ನರ್ಸ್ ಬಂದಳು, ನೀವು ಕಣ್ಣು ಮುಚ್ಚಿದಿರಿ. ನಿಮ್ಮ ಮಗಳು ಜೆನಿಗೆ ಏನು ಹಿಲ್ಡಾಕ್ಕ? ಕೊಡು ಅಂತಲೋ, ಕೊಡಬೇಡ ಅಂತಲೋ? ಆಮೇಲೆ ಕೇಳಲು ಅವಕಾಶವೇ ಆಗಲಿಲ್ಲ. ಕೊಡು ಅಂತಲೇ ನಾನು ತಿಳಿದುಕೊಂಡೆ. ನಿಮ್ಮ ಬಾಯಲ್ಲಿ ಬೇಡ ಅನ್ನುವ ಮಾತು ನಾನು ಕೇಳಿದ್ದು ಕಡಿಮೆ.

ಫೆಬ್ರವರಿಯ ಒಂದು ಶನಿವಾರ ಜೆನಿ ಸುದ್ದಿ ತಂದಳು. ಅವಳಿಗೆ ಮಾಲ್ಮೋದಲ್ಲಿ ಐಟಿ ಕೆಲಸ ಸಿಕ್ಕಿತ್ತು, ಮೇ ತಿಂಗಳಿಗೆ ಸೇರಬೇಕು. ಅಮ್ಮನ ಬೈಕಿನಲ್ಲೇ ಹೋಗುತ್ತೇನೆ, ಅಲ್ಲೂ ಅದನ್ನೇ ಓಡಿಸುತ್ತೇನೆ ಅಂದಳು. ಲೈಸೆನ್ಸ್ ಅವಳಿಗೆ ಹೋದ ವರ್ಷವೇ ಆಗಿತ್ತಲ್ಲ. ಫೆಲಿಕ್ಸ್ ಭಾವ ಒಂದೇ ಮಾತಿಗೆ, ಅದನ್ನು ಮಾರುದು ಅಂದರು. ಆಮೇಲೆ ಅಡುಗೆಮನೆಯಲ್ಲಿ ನಡೆದದ್ದನ್ನು ನೀವು ನೋಡಬೇಕಿತ್ತು. ಅವಳು ಸ್ವೀಡಿಷಿನಲ್ಲಿ ಕೂಗುವುದು, ಇವರು ಕೊಂಕಣಿಯಲ್ಲಿ ಗದರುವುದು, ನಡುವೆ ನಾನು ಕನ್ನಡದಲ್ಲಿ ಸುಮ್ಮನಿರಿ ಸುಮ್ಮನಿರಿ ಅನ್ನುವುದು. ಕೊನೆಗೆ ಅವಳು, "ಸ್ನೆಲ್ಲಾ ಪಪ್ಪಾ" ಅಂತ ಕೈಹಿಡಿದು ಬೇಡಿಕೊಂಡಳು. ಭಾವ ನನ್ನ ಕಡೆ ತಿರುಗಿದರು.

"ಅದರ ವಯರಿಂಗ್ ಎಲ್ಲ ನೀನೇ ಮಾಡಿದ್ದಲ್ವಾ ರತ್ನಾ? ನೀನು ಪೂರ್ತಿ ನೋಡಿ, ಸರಿ ಉಂಟು ಅಂತ ಹೇಳಿದ್ರೆ ಕೀ ಕೊಡ್ತೇನೆ. ಒಂದು ಸಣ್ಣ ಸಂಶಯ ಇದ್ರೂ ಇಲ್ಲ. ಒಬ್ಬಳನ್ನು ಕಳ್ಕೊಂಡಾಯ್ತು."

ಆಯಿತು ಅಂದೆ. ನನಗೇನೂ ಭಯವಿರಲಿಲ್ಲ, ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡೆ. ಲಾರಿಗಳಿಗೆ ಸರಿ ಉಂಟು ಅಂತ ಸಹಿ ಹಾಕುವವಳಿಗೆ ಒಂದು ಬೈಕು ಯಾವ ಮಹಾ.

ಗ್ಯಾರೇಜಿಗೆ ಇಳಿದ ಮೊದಲ ಶನಿವಾರ ಬ್ಯಾಟರಿ ಸತ್ತಿತ್ತು. ಚಳಿಗಾಲವೆಲ್ಲ ನಿಂತ ಬೈಕು, ಸಹಜ ಅಂತ ಚಾರ್ಜ್ ಮಾಡಿ ಬಂದೆ. ಮುಂದಿನ ಶನಿವಾರ ಮತ್ತೆ ಸತ್ತಿತ್ತು. ಬ್ಯಾಟರಿಗೆ ವಯಸ್ಸಾಯಿತು ಅಂತ ಹೊಸದು ಹಾಕಿದೆ, ಒಂದು ವಾರಕ್ಕೆ ಅದೂ ಖಾಲಿ. ಎಲ್ಲೋ ಕರೆಂಟ್ ಸೋರುತ್ತಿದೆ ಅಂತ ಮೀಟರ್ ಹಚ್ಚಿ ಕೂತೆ. ಕೀ ತೆಗೆದಿಟ್ಟು ಒಂದೊಂದೇ ಫ್ಯೂಸ್ ಕಿತ್ತು ನೋಡಿದೆ, ಮೀಟರಿನ ಮುಳ್ಳು ಅಲುಗಲಿಲ್ಲ. ಸೋರಿಕೆಯಿಲ್ಲ, ಆದರೂ ಬ್ಯಾಟರಿ ಖಾಲಿಯಾಗುತ್ತದೆ. ತಲೆ ಕೆಟ್ಟು ಗೊಬ್ಬರವಾಯಿತು. ಭಾವ ಪ್ರತಿ ಸಲ ಕೀ ವಾಪಸ್ ತೆಗೆದುಕೊಳ್ಳುವಾಗ, "ಹೇಗುಂಟು?" ಅಂತ ಕೇಳುವುದು, ನಾನು, "ಇನ್ನೂ ಇಲ್ಲ ಭಾವ" ಅನ್ನುವುದು. ಜೆನಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡು ಸದ್ದಿಲ್ಲದೆ ಕೋಣೆಗೆ ಹೋಗುತ್ತಿದ್ದಳು.

ಕೋಟಿನ ಫ್ಯೂಸನ್ನು ಬೆಳಕಿಗೆ ಹಿಡಿದ ದಿನ ನನ್ನ ಪಿತ್ತ ನೆತ್ತಿಗೇರಿತು. ಮೀಟರ್ ಹಚ್ಚುವಾಗ ಅದನ್ನು ಕಿತ್ತಿದ್ದೆ, ಸರಿಯಾಗಿ ನೋಡಿರಲಿಲ್ಲ. ಒಳಗಿನ ಎಳೆ ಸುಟ್ಟುಹೋಗಿತ್ತು. ಯಾರೋ ಅದರ ಎರಡು ಕಾಲುಗಳಿಗೆ ತಾಮ್ರದ ಎಳೆಗಳನ್ನು ನೀಟಾಗಿ ಸುತ್ತಿ ಮತ್ತೆ ಗೂಡಿಗೆ ಕೂರಿಸಿದ್ದರು. ಸೀಟಿನ ಕೆಳಗೆ ನೋಡಿದರೆ ಕನೆಕ್ಟರಿನ ಬಿಳಿ ಪ್ಲಾಸ್ಟಿಕ್ ಕಂದು ತಿರುಗಿತ್ತು, ಪಕ್ಕದ ತಂತಿಯ ಹೊದಿಕೆ ಮೆತ್ತಗಾಗಿ ಅಂಟುತ್ತಿತ್ತು. ಇನ್ನೊಂದಿಷ್ಟು ದಿನ ಹೀಗೇ ಬಿಟ್ಟಿದ್ದರೆ, ಜೆನಿ ಅದರ ಮೇಲೆ ಹೆದ್ದಾರಿಯಲ್ಲಿ... ಬೇಡ, ಅದನ್ನು ಬರೆಯುವುದಿಲ್ಲ.

ಮೇಲೆ ಹೋಗಿ ಜೆನಿಯ ಮೂಗಿನ ಮುಂದೆ ಆ ಫ್ಯೂಸ್ ಹಿಡಿದೆ. "ಇದಕ್ಕೆ ತಾಮ್ರ ಸುತ್ತಿದ್ದು ಯಾರು?" ಅವಳು ಅದನ್ನು ಯಾವುದೋ ಹುಳ ನೋಡುವ ಹಾಗೆ ನೋಡಿದಳು. "ಯಾಕೆ ಸುತ್ತುದು ಆಂಟಿ? ಫ್ಯೂಸ್ ಹೋದ್ರೆ ಹೊಸದು ಹಾಕುದಲ್ವಾ? ಪೆಟ್ರೋಲ್ ಬಂಕಲ್ಲೇ ಸಿಗ್ತದೆ." ಆ ಮಗುವಿಗೆ ಫ್ಯೂಸ್ ಕಟ್ಟುವುದು ಅಂದರೇನೆಂದೇ ಗೊತ್ತಿಲ್ಲ. ಹೇಗೆ ಗೊತ್ತಿರಬೇಕು? ಕರೆಂಟ್ ಹೋದಾಗ ಮೇಣದಬತ್ತಿ ಹಿಡಿದು, ಪಿಂಗಾಣಿಯ ಕಟ್‌ಔಟ್ ಎಳೆದು, ಹಳೆಯ ವಯರಿನಿಂದ ತಾಮ್ರದ ಎಳೆ ಬಿಡಿಸಿ ಸುತ್ತಿ, ಇನ್ನೊಂದೆಳೆ ಜಾಸ್ತಿ ಹಾಕು ಮತ್ತೆ ಹೋಗಬಾರದು ಅನ್ನುವ ಮನೆಗಳಲ್ಲಿ ಬೆಳೆದವರು ನಾವು. ನಮ್ಮಪ್ಪ ಕಟ್ಟುತ್ತಿದ್ದ, ನಿಮ್ಮಪ್ಪ ಕಟ್ಟುತ್ತಿದ್ದಿರಬೇಕು. ಅಂಥ ಕೈ ಈ ಕಟ್ಟಡದಲ್ಲಿ ನನ್ನದು ಬಿಟ್ಟರೆ ಇನ್ನೊಂದೇ ಇತ್ತು. ಆದರೆ ಬೈಕೆಂದರೆ ಮಾರು ದೂರ ನಿಲ್ಲುವ ಮನುಷ್ಯನಿಗೆ ಅದರ ಫ್ಯೂಸಿನ ಹತ್ತಿರ ಏನು ಕೆಲಸ?

ಬುಧವಾರ ಕಾರ್ಖಾನೆಯಿಂದ ಮಧ್ಯಾಹ್ನವೇ ಹೊರಟು ಸೀದಾ ಗ್ಯಾರೇಜಿಗೆ ಹೋದೆ, ಭಾವನನ್ನು ಕೇಳಿಯೇ ಬಿಡುವುದೆಂದು ನಿಶ್ಚಯಿಸಿ, ಮೊದಲು ಇನ್ನೊಮ್ಮೆ ಬೈಕು ನೋಡೋಣ ಅಂತ. ಬಾಗಿಲು ಅರ್ಧ ತೆರೆದಿತ್ತು. ಫೆಲಿಕ್ಸ್ ಭಾವ ನಿಮ್ಮ ಬೈಕಿನ ಮೇಲೆ ಕೂತಿದ್ದರು, ಮುಂದಿನ ಸೀಟಿನಲ್ಲಿ, ಮನೆಯ ಚಪ್ಪಲಿಯಲ್ಲಿ. ಅಂಗಿಯ ಮೇಲೆ ನಿಮ್ಮ ಕರೆಂಟ್ ಕೋಟು. ಎರಡೂ ಕೈಯಲ್ಲಿ ಹಿಡಿಕೆಗಳನ್ನು ಹಿಡಿದು, ತಲೆ ತಗ್ಗಿಸಿ. ಕೀ ಆನ್ ಆಗಿತ್ತು, ಇಂಜಿನ್ ಆಫ್, ಹೆಡ್‌ಲೈಟಿನ ಬೆಳಕು ಗೋಡೆಯ ಮೇಲೆ ಮಂಕಾಗುತ್ತ ಬರುತ್ತಿತ್ತು. ಬೈಯಲಿಕ್ಕೆಂದು ತಂದಿದ್ದ ಆ ಸುಟ್ಟ ಫ್ಯೂಸನ್ನು ಜೇಬಿಗೆ ಹಾಕಿಕೊಂಡೆ.

ಅವರು ಇಳಿಯಲಿಲ್ಲ. ನನ್ನನ್ನು ನೋಡಿ, "ಇದು ಬಿಸಿ ಆಗ್ಲಿಕ್ಕೆ ಸ್ವಲ್ಪ ಹೊತ್ತು ಬೇಕು" ಅಂದರು. "ಆಮೇಲೆ ಅವಳ ಕೈಯ ಹಾಗೇ ಆಗ್ತದೆ. ಅಷ್ಟೇ ಬಿಸಿ."

"ಫ್ಯೂಸಿಗೆ ತಾಮ್ರ ಸುತ್ತಿದ್ದು ನೀವೇನಾ ಭಾವ?"

"ಕೋಟೂ ಹಿಡಿಕೆಯೂ ಒಟ್ಟಿಗೆ ಹಾಕಿದ್ರೆ ಅದು ಹೋಗ್ತಿತ್ತು. ಕಟ್ಟಿದೆ. ನೀನು ಕಿತ್ಕೊಂಡು ಹೋದ ಮೇಲೆ ಬರೀ ತಾಮ್ರವನ್ನೇ ಸಿಕ್ಕಿಸಿದೆ. ಊರಲ್ಲಿ ಕಟ್ತಿರ್ಲಿಲ್ವಾ?"

"ಬ್ಯಾಟರಿ ಖಾಲಿಯಾಗೋದು?"

"ಮೊದಲು ಗೊತ್ತಿರ್ಲಿಲ್ಲ. ನೀನು ಮೀಟರ್ ಹಿಡ್ಕೊಂಡು ಒದ್ದಾಡುವಾಗ ಗೊತ್ತಾಯ್ತು. ಆಮೇಲೂ ಬಂದು ಕೂತೆ." ಹೆಬ್ಬೆರಳಲ್ಲಿ ಹಿಡಿಕೆ ಸವರುತ್ತ, "ಒಂದು ಸಲವಾದ್ರೂ ಅವಳ ಹಿಂದೆ ಕೂತ್ಕೊಳ್ಬಹುದಿತ್ತು" ಅಂದರು. "ಯಾವ ನಾಲ್ಕು ಜನ ರತ್ನಾ? ಇಲ್ಲಿ ಯಾರೂ ಇರ್ಲಿಲ್ಲ."

ನಾನು ಅತ್ತೆ ಹಿಲ್ಡಾಕ್ಕ. ನಿಮ್ಮನ್ನು ಮಣ್ಣು ಮಾಡುವ ದಿನ ಎಲ್ಲರಿಗೂ ಕಾಫಿ ಹಂಚುತ್ತ ಓಡಾಡಿಕೊಂಡಿದ್ದವಳು ಅವತ್ತು ಗ್ಯಾರೇಜಿನಲ್ಲಿ ನಿಂತು ಚೆನ್ನಾಗಿ ಅತ್ತೆ. ಕೋಟಿನ ಪ್ಲಗ್ ಮಾತ್ರ ಮೊದಲು ಕಿತ್ತಿಟ್ಟೆ, ತಂತಿ ಇನ್ನೂ ಬಿಸಿಯಿತ್ತು. ಆಮೇಲೆ ನನ್ನ ಹಳೆಯ ಜಾಗದಲ್ಲಿ, ಹಿಂದಿನ ಸೀಟಿನಲ್ಲಿ, ಅವರ ಬೆನ್ನ ಹಿಂದೆ ಹತ್ತಿ ಕೂತೆ. ಹಿಡಿಕೆ ತಣ್ಣಗಾಗುವವರೆಗೆ ಇಬ್ಬರೂ ಇಳಿಯಲಿಲ್ಲ. ಅವತ್ತು ಬ್ಯಾಟರಿ ಖಾಲಿಯಾದದ್ದರಲ್ಲಿ ನನ್ನ ಪಾಲೂ ಇದೆ.

ಮರುದಿನವೇ ಕೆಲಸಕ್ಕೆ ಕೈಹಚ್ಚಿದೆ. ಕಾರಣ ತಿಳಿದ ಮೇಲೆ ಭಯವೇಕೆ? ಸುಟ್ಟ ಕನೆಕ್ಟರನ್ನು, ಮೆತ್ತಗಾದ ತಂತಿಯನ್ನು ಕಿತ್ತು ಬಿಸಾಡಿ, ದಪ್ಪನೆಯ ಹೊಸ ತಂತಿ ಎಳೆದೆ. ಟ್ಯಾಂಕಿನ ಕೆಳಗೆ ಅದು ಲೋಹಕ್ಕೆ ಉಜ್ಜದ ಹಾಗೆ ಕೊಳವೆ ತೊಡಿಸಿದೆ. ದಪ್ಪ ತಂತಿ ಇದೆಯೆಂದು ದೊಡ್ಡ ಫ್ಯೂಸ್ ಹಾಕಲಿಲ್ಲ, ಅದೇ ಏಳೂವರೆಯದು. ಇನ್ನು ಮಾತಿನ ನಿಯಮವನ್ನು ನಂಬುವುದಿಲ್ಲ ಅಂತ ಒಂದು ಸ್ವಿಚ್ ಕೂಡ ಹಾಕಿದೆ. ಮುಂದಕ್ಕೆ ತಳ್ಳಿದರೆ ಓಡಿಸುವವರ ಹಿಡಿಕೆಗೆ ಕರೆಂಟು, ಹಿಂದಕ್ಕೆ ಎಳೆದರೆ ಹಿಂದೆ ಕೂತವರ ಕೋಟಿಗೆ. ಒಂದಾದರೆ ಇನ್ನೊಂದಿಲ್ಲ. ನಿಮ್ಮಂಥವರು ಬಂದು ಮನಸ್ಸಿನಲ್ಲಿ ಆನ್ ಮಾಡಿದರೂ ಇದು ಕೇಳುವುದಿಲ್ಲ. ಸೀಟಿನ ಎಡ ಅಂಚಿನಲ್ಲಿ, ಇಬ್ಬರ ಕೈಗೂ ಸಿಗುವ ಹಾಗೆ ಕೂರಿಸಿದೆ. ಭಾವ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದರು. ನಿಮಗಿಂತ ಚೆನ್ನಾಗಿ ಹಿಡಿಯುತ್ತಾರೆ.

ಏಪ್ರಿಲ್ಲಿನ ಕೊನೆಯ ಭಾನುವಾರ ನಾನು ಅವರ ಎದುರು ನಿಂತು ನಿಮ್ಮೂರಿನ ಭಾಷೆಯಲ್ಲೇ, "ಸರಿ ಉಂಟು ಭಾವ" ಅಂದೆ. ಅವರು ಕೀಯನ್ನು ಮುಷ್ಟಿಯಲ್ಲಿ ಹಿಡಿದರು, ಕೊಡಲಿಲ್ಲ. "ನಿನಗೆ ಪೂರ್ತಿ ಧೈರ್ಯ ಉಂಟಾ?" ಅಂದರು. ಲಾರಿಗೆ ತಂತಿ ಎಳೆದವರೇ ಮೊದಲ ಪರೀಕ್ಷೆಯ ಸವಾರಿಗೆ ಹತ್ತುವುದು ನಮ್ಮ ವಿಭಾಗದಲ್ಲಿ ನಾವೇ ಮಾಡಿಕೊಂಡ ಪದ್ಧತಿ. ಒಂದು ಸುತ್ತಿಗೆ ಮಾತ್ರ ಅಂತ ಕೀ ಇಸಿದುಕೊಂಡು, ನಾನು ಹೆಲ್ಮೆಟ್ ಹಾಕಿಕೊಂಡು ಜೆನಿಯ ಹಿಂದೆ ಕೂತು ಊರು ಒಂದು ಸುತ್ತು ಹೊಡೆದು ಬಂದೆ. ಇಳಿದು ಹೆಲ್ಮೆಟ್ಟನ್ನು ಅವರ ಕೈಗಿಟ್ಟೆ. "ಈಗ ನೀವು."

"ನಾನಾ?"

"ಸಂಶಯ ನಿಮ್ಮದಲ್ವಾ? ನೀವೇ ಕೂತು ನೋಡಿ."

"ಮಗಳ ಹಿಂದೆ... ಜನ ಎಂತ..." ಅಂತ ಶುರುಮಾಡಿ ತಾವೇ ನಿಲ್ಲಿಸಿದರು. ಜೆನಿ ನಿಮ್ಮ ಕೋಟನ್ನು ಬಿಡಿಸಿ ಹಿಡಿದಳು, ಚಿಕ್ಕಮಕ್ಕಳಿಗೆ ತೊಡಿಸುವ ಹಾಗೆ. ಅವರು ತೋಳು ತೂರಿಸಿದರು. ಅರ್ಧ ಗಂಟೆ ಬಿಟ್ಟು ಬಂದಾಗ ಅವರ ಮೂಗು ಕೆಂಪಾಗಿತ್ತು. "ಇವಳು ತಿರುವಿನಲ್ಲಿ ಅವಳ ಹಾಗೇ ವಾಲಿಸ್ತಾಳೆ" ಅಂದು ಕೀಯನ್ನು ಜೆನಿಯ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ, "ಮಾಲ್ಮೋದವರೆಗೆ ನಾನೂ ಹೋಗ್ತೇನೆ. ಬರುವಾಗ ರೈಲು ಉಂಟಲ್ಲ" ಅಂದರು.

ಹೋದ ಶನಿವಾರ ಬೆಳಿಗ್ಗೆ ಹೊರಟರು. ಮೋಡ, ಗಾಳಿ, ಬಿಸಿಲಿನ ಸುಳಿವಿಲ್ಲ. ಜೆನಿಯ ಸಾಮಾನೆಲ್ಲ ಮೊದಲೇ ಹೋಗಿತ್ತು. ನಾನು ಬುತ್ತಿಗೆ ಚಪಾತಿ, ಶೇಂಗಾ ಚಟ್ನಿಪುಡಿ ಕಟ್ಟಿದ್ದೆ. ಭಾವ ಹೆಲ್ಮೆಟ್ಟಿನೊಳಗಿಂದಲೇ ಶಿಲುಬೆಯ ಗುರುತು ಹಾಕಿಕೊಂಡರು. ಕಿಟಕಿಗಳಲ್ಲಿ ನಮ್ಮ ಕಟ್ಟಡದ ಮೂರ್ನಾಲ್ಕು ಜನ ನಿಂತು ನೋಡುತ್ತಿದ್ದರು. ಭಾವ ತಲೆಯೆತ್ತಿ ಅವರಿಗೆ ಕೈಬೀಸಿದರು ಹಿಲ್ಡಾಕ್ಕ. ಮೂಲೆ ತಿರುಗುವವರೆಗೂ ಬೀಸಿದರು.

ಸಂಜೆ ಮಾಲ್ಮೋದಿಂದ ಫೋನ್ ಬಂತು. ಮೊದಲು ಜೆನಿ. ಬೈಕು ಚೆನ್ನಾಗಿ ಓಡಿತಂತೆ, ವೆಟ್ಟರ್ನ್ ಸರೋವರದ ಪಕ್ಕ ಗಾಳಿ ಬಹಳವಂತೆ. "ಆದ್ರೆ ಆಂಟಿ, ನಿಮ್ಮ ಸ್ವಿಚ್ಚು ಸರಿ ಇಲ್ಲ. ನಾನು ಪಪ್ಪನ ಕೋಟಿಗೆ ಇಡ್ತೇನೆ, ಸ್ವಲ್ಪ ಹೊತ್ತಲ್ಲಿ ನೋಡಿದ್ರೆ ತನ್ನಷ್ಟಕ್ಕೇ ನನ್ನ ಹಿಡಿಕೆಗೆ ಬಂದಿರ್ತದೆ. ದಾರಿಯುದ್ದಕ್ಕೂ ಹೀಗೇ." ನೋಡೋಣ, ಪಪ್ಪನಿಗೆ ಕೊಡು ಅಂದೆ. ಭಾವ ದನಿ ತಗ್ಗಿಸಿ, "ಎಲ್ಲ ಸರಿ ಉಂಟು ರತ್ನಾ, ಆ ಸ್ವಿಚ್ ಒಂದು ಬಿಟ್ಟು. ಮಗುವಿಗೆ ಕೈ ಮರಗಟ್ಟುದು ಬೇಡ ಅಂತ ನಾನು ಮುಂದೆ ತಳ್ತೇನೆ, ಅದು ತನ್ನಷ್ಟಕ್ಕೇ ನನ್ನ ಕಡೆ ಬರ್ತದೆ" ಅಂದರು.

ನನ್ನ ಸ್ವಿಚ್ಚು ತನ್ನಷ್ಟಕ್ಕೆ ತಿರುಗುವುದಿಲ್ಲ. ಅದು ನಿಮಗೂ ಗೊತ್ತು. ನಾನು ಇಬ್ಬರಿಗೂ ಅದನ್ನು ಹೇಳದೆ, ಆಯಿತು, ಜೂನಿನ ರಜೆಗೆ ಬಂದು ಗಟ್ಟಿಯಾದ ಸ್ವಿಚ್ ಹಾಕಿಕೊಡುತ್ತೇನೆ ಅಂದೆ. ಹೋಗುತ್ತೇನೆ, ನಿಮ್ಮಾಣೆ. ಈಗಿನದು ಅಷ್ಟು ದೂರ ಹಿಂದೆ ಮುಂದೆ ಆಡಿ ಆಡಿ ಸಡಿಲವಾಗಿದೆಯಂತೆ. ಫ್ಯೂಸ್ ಮಾತ್ರ ಒಂದು ಸಲವೂ ಹೋಗಲಿಲ್ಲ.

ನಿಮ್ಮ ಹಿಂದಿನ ಸೀಟಿನ
ರತ್ನಾ